ಜಗಲಿಯ ಮೇಲೊಂದು ಕಾಲುಸಂಕ: ಮಳೆಗಾಲದ ವ್ಯಾಯಾಮದ ಆಟ ಎಲ್ಲಿಗೆ ಬಂತು

ಮನೆಯೊಳಗೇ ನಿಂತು ಆಡುವ ಆಟಕ್ಕೆಂದು ನಾನು ಮಾಡುತ್ತಿರುವ ಹಲಗೆಯ ನಾಲ್ಕೂ ಮೂಲೆ ಈಗ ಸರಿಯಾಗಿ ತೂಕ ಹೇಳುತ್ತಿವೆ. ಅದರ ಮೇಲೆ ನಿಂತು ಸ್ವಲ್ಪ ಎಡಕ್ಕೆ ವಾಲಿದರೆ, ಪರದೆಯ ಮೇಲೆ ಸಂಕ, ಅಂದರೆ ಹಳ್ಳದ ಮೇಲಿನ ಕಿರುಸೇತುವೆ, ದಾಟುತ್ತಿರುವ ಹುಡುಗಿಯೂ ಎಡಕ್ಕೆ ವಾಲುತ್ತಾಳೆ. ತಡ ಆಗುವುದಿಲ್ಲ. ಇಷ್ಟಕ್ಕೆ ಬರಲು ಜೂನ್‌ನಿಂದ ಕೂತು ಕೆಲಸ ಮಾಡಿದ್ದೇನೆ. ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಮಲೆನಾಡಿನಲ್ಲಿ ಇನ್ಯಾರಿಗಾದರೂ ಮಾಡಬೇಕು ಅನ್ನಿಸಿದರೆ ಉಪಯೋಗಕ್ಕೆ ಬರಲಿ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲ. ಆದರೂ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ವಾಕಿಂಗ್ ಅನ್ನುವ ಮಾತೇ ಇಲ್ಲ. ಅಂಗಳದ ತುಂಬ ಪಾಚಿ. ಅಡಿಕೆ ದಬ್ಬೆ ಹಾಸಿದ ದಾರಿ ಬಿಟ್ಟು ಕಾಲಿಡುವ ಹಾಗಿಲ್ಲ. ಅಮ್ಮನಿಗೆ ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದಾರೆ. ಎಲ್ಲಿ ನಡೆಯುವುದು? ಅಜ್ಜಿಯಂತೂ ಮಳೆಗಾಲ ಪೂರ್ತಿ ಜಗಲಿಯ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಮನೆಯೊಳಗೇ ಆಡುವಂಥದ್ದು ಏನಾದರೂ ಮಾಡಬೇಕು ಅನ್ನುವ ಯೋಚನೆ ಬಂದದ್ದು ಹೀಗೆ.

ಮೊದಲು ಮಾರಾಟದ ಲೆಕ್ಕ ನೋಡಿದೆ

ಕ್ಯಾಮೆರಾ ಇಟ್ಟು ಮಾಡುವುದಾ, ಕೈಯಲ್ಲಿ ಹಿಡಿಯುವ ಸಾಧನವಾ, ಕಾಲಡಿಯ ಹಲಗೆಯಾ? ತೀರ್ಮಾನಿಸುವ ಮೊದಲು ಇಲ್ಲಿವರೆಗೆ ಜನ ಯಾವುದನ್ನು ಕೊಂಡರು ಅಂತ ನೋಡಿದೆ. ಮೈ ಆಡಿಸುವ ವಿಡಿಯೋ ಗೇಮ್‌ಗಳ ಒಂದೊಂದು ಅಲೆಯೂ ಒಂದು ಹೊಸ ಸಾಧನದ ಜೊತೆ ಬಂದಿದೆ. 1986ರಲ್ಲಿ ಜಪಾನಿನ ಬಂಡಾಯ್ ಕಂಪನಿ ಕಾಲಲ್ಲಿ ತುಳಿದು ಆಡುವ ಚಾಪೆ ತಂದಿತು. 1998ರಲ್ಲಿ ಕೊನಾಮಿಯ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಬಂತು. ಅದೂ ಕಾಲಿನ ಆಟವೇ.

ದೊಡ್ಡ ಅಲೆ ಎದ್ದದ್ದು ನಿಂಟೆಂಡೊ ಕಂಪನಿಯ ವೀ ಅನ್ನುವ ವಿಡಿಯೋ ಗೇಮ್ ಯಂತ್ರ ಬಂದಮೇಲೆ. 2006ರ ಕೊನೆಗೆ ಬಂದ ಆ ಯಂತ್ರ ಒಟ್ಟು 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ವೀ ಸ್ಪೋರ್ಟ್ಸ್ ಆಟ 8 ಕೋಟಿ ದಾಟಿತು. ಈ ಎರಡನೆಯ ಅಂಕಿಯನ್ನು ಹುಷಾರಾಗಿ ಓದಬೇಕು. ಜಪಾನ್ ಬಿಟ್ಟು ಬಹುತೇಕ ಕಡೆ ಆ ಆಟ ಯಂತ್ರದ ಡಬ್ಬದೊಳಗೇ ಬರುತ್ತಿತ್ತು. ಹಾಗಾಗಿ ಅದನ್ನೇ ಬೇಕು ಅಂತ ಕೊಂಡವರು ಎಷ್ಟು ಅಂತ ಹೇಳಲಾಗದು. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ವೀ ಫಿಟ್. 2007ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂತು, ಜೊತೆಗೆ ಬ್ಯಾಲೆನ್ಸ್ ಬೋರ್ಡ್ ಅನ್ನುವ ಹಲಗೆ. ಜನ ದುಡ್ಡು ಕೊಟ್ಟು, ಆ ಹಲಗೆಗಾಗಿಯೇ, 2.27 ಕೋಟಿಯಷ್ಟು ಕೊಂಡರು. 2009ರಲ್ಲಿ ಬಂದ ವೀ ಫಿಟ್ ಪ್ಲಸ್ ಇನ್ನೂ 2.11 ಕೋಟಿ. ಸುಮ್ನೆ ಮಾತಲ್ಲ ಇದು. ಅದುವರೆಗೆ ವಿಡಿಯೋ ಗೇಮ್ ಮುಟ್ಟದಿದ್ದ ಅಮ್ಮಂದಿರು, ಅಜ್ಜಂದಿರು ಆ ಹಲಗೆ ಹತ್ತಿದರು. ನಿಂಟೆಂಡೊದ ಆಟ ವಿನ್ಯಾಸಕ ಶಿಗೆರು ಮಿಯಾಮೊಟೊಗೆ ಈ ಆಟದ ಯೋಚನೆ ಹುಟ್ಟಿದ್ದೇ ಮನೆಯಲ್ಲಿ ದಿನಾ ತೂಕ ನೋಡಿ ಬರೆದಿಡುವ ಅಭ್ಯಾಸದಿಂದ.

ಆಮೇಲೆ ಇಳಿತ. ವೀ ಫಿಟ್ ಯು 2013ರಲ್ಲಿ ಬರುವ ಹೊತ್ತಿಗೆ ಹಲಗೆ ಹಳತಾಗಿತ್ತು. ಅದು ಓಡಬೇಕಿದ್ದ ವೀ ಯು ಯಂತ್ರವೇ ಒಟ್ಟು 1.36 ಕೋಟಿಯಲ್ಲಿ ನಿಂತುಹೋಯಿತು. ಮೈಕ್ರೋಸಾಫ್ಟ್‌ನ ಕೈನೆಕ್ಟ್ ಅನ್ನುವ, ಮೈ ಚಲನೆ ಗುರುತಿಸುವ ಕ್ಯಾಮೆರಾದ ಕಥೆಯೂ ಇದೇ ದಾರಿಯದು. 2010ರ ನವೆಂಬರ್‌ನಲ್ಲಿ ಬಂದು ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ, ಗಿನ್ನೆಸ್ ದಾಖಲೆ. 2017ರಲ್ಲಿ ತಯಾರಿಕೆಯೇ ನಿಂತಿತು.

ನಿಂಟೆಂಡೊದ್ದೇ ಇನ್ನೊಂದು ವ್ಯಾಯಾಮದ ಆಟ ರಿಂಗ್ ಫಿಟ್ ಅಡ್ವೆಂಚರ್ ಮಾತ್ರ ಬೇರೆ ಥರ ಮಾರಾಟವಾಯಿತು. ಸಾಮಾನ್ಯವಾಗಿ ಆಟಗಳು ಬಂದ ಮೊದಲ ವಾರಗಳಲ್ಲಿ ಜೋರಾಗಿ ಹೋಗಿ ಆಮೇಲೆ ತಣ್ಣಗಾಗುತ್ತವೆ. ಇದು 2019ರ ಅಕ್ಟೋಬರ್‌ನಲ್ಲಿ ಬಂತು. ವರ್ಷದ ಕೊನೆಗೆ 20 ಲಕ್ಷದ ಆಸುಪಾಸು. ಅಷ್ಟರಲ್ಲಿ ಕೊರೊನಾ ಬಂತು, ಜಿಮ್ ಬಾಗಿಲು ಹಾಕಿದವು. ಜಪಾನಿನ ಅಂಗಡಿಗಳಲ್ಲಿ ಚೀಟಿ ಎತ್ತಿ ಮಾರುವಷ್ಟು ಕೊರತೆಯಾಯಿತು. 2021ರ ಮಾರ್ಚ್ ಹೊತ್ತಿಗೆ 1 ಕೋಟಿ. ಜನ ಮತ್ತೆ ಹೊರಗೆ ಓಡಾಡಲು ಶುರುಮಾಡಿದ ಮೇಲೂ ಮಾರಾಟ ನಿಲ್ಲದೆ 1.5 ಕೋಟಿ ದಾಟಿತು. ಹೊಸತನ ಮಾತ್ರ ಮಾರುತ್ತಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಆ ಆಟದಲ್ಲಿ ಕೈಯಲ್ಲಿ ಹಿಡಿದ ಬಳೆಯಾಕಾರದ ಸಾಧನವನ್ನು ಒತ್ತಿದ ತಕ್ಷಣ ಎದುರಿಗೆ ಏನೋ ಆಗುತ್ತದೆ. ನೀವು ಒಂದು ಬಸ್ಕಿ ಹೊಡೆದರೆ ಎದುರಾಳಿಗೆ ಪೆಟ್ಟು ಬೀಳುತ್ತದೆ. ಕೆಳಮನೆಯವರಿಗೆ ತೊಂದರೆ ಆಗದಿರಲಿ ಅಂತ ಓಡುವ ಬದಲು ಕೂತೇಳುವ ಸೈಲೆಂಟ್ ಮೋಡ್ ಕೂಡ ಇಟ್ಟಿದ್ದಾರೆ. ಆಡುವವರ ಮನೆ ಹೇಗಿರುತ್ತದೆ ಅಂತ ಯೋಚಿಸಿ ಮಾಡಿದ ಆಟ ಅದು.

ಮಾರಾಟದ ಅಂಕಿ ಕೊಂಡವರ ಲೆಕ್ಕ. ಆಡಿದವರ ಲೆಕ್ಕ ಅದರಲ್ಲಿಲ್ಲ. ಮಂಚದಡಿ ಸೇರಿದ ಹಲಗೆಗಳೆಷ್ಟೋ. ಅದಕ್ಕೇ ನಾನು ನನಗೇ ಒಂದು ಶರತ್ತು ಹಾಕಿಕೊಂಡೆ: ಮಾಡುವ ಸಾಧನ ಯಾವಾಗಲೂ ಜಗಲಿಯಲ್ಲೇ ಇರಬೇಕು, ಹತ್ತಿ ನಿಂತ ಕೂಡಲೇ ಆಟ ಶುರುವಾಗಬೇಕು. ಹಲಗೆಯನ್ನು ಆರಿಸಿದ್ದು ಇದಕ್ಕೇ. ಕ್ಯಾಮೆರಾಕ್ಕೆ ಬೆಳಕು ಬೇಕು, ಮುಂದೆ ಸಾಕಷ್ಟು ಜಾಗ ಬೇಕು. ಮಳೆಗಾಲದಲ್ಲಿ ನಮ್ಮ ಜಗಲಿ ಮಧ್ಯಾಹ್ನವೂ ಕತ್ತಲೆ.

ಹಲಗೆ

ಬಾತ್‌ರೂಮ್ ತೂಕದ ಯಂತ್ರದಲ್ಲಿ ಇರುವಂಥ 50 ಕಿಲೋದ ಲೋಡ್ ಸೆಲ್ ಅನ್ನುವ ಸೆನ್ಸರ್ ನಾಲ್ಕು, ಮೂಲೆಗೊಂದು. ಇವು ಚಪ್ಪಟೆ ಲೋಹದ ತುಂಡುಗಳು. ಭಾರ ಬಿದ್ದಾಗ ನಡುವಿನ ನಾಲಗೆ ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದಾಗ ಅದಕ್ಕಂಟಿಸಿದ ಪಟ್ಟಿಯ ವಿದ್ಯುತ್ ತಡೆ ಬದಲಾಗುತ್ತದೆ. ಅದನ್ನು ಅಳೆದರೆ ತೂಕ ಸಿಗುತ್ತದೆ. ಇದನ್ನು ಹಲಗೆಗೆ ನೇರವಾಗಿ ಅಂಟಿಸಿದರೆ ಏನೂ ಸಿಗುವುದಿಲ್ಲ. ನಾಲಗೆ ಬಾಗಲು ಕೆಳಗೆ ಜಾಗ ಬೇಕು. ಊರಿನ ಬಡಗಿ ಒಬ್ಬರು ಹಲಸಿನ ಮರದ ಚೂರುಗಳಲ್ಲಿ ತಗ್ಗು ಕೊರೆದು ನಾಲ್ಕು ಗೂಡು ಮಾಡಿಕೊಟ್ಟರು. ಅಳತೆ ಹೇಳಿದ್ದಷ್ಟೇ ನಾನು. ಎಷ್ಟು ನಯವಾಗಿ ಮಾಡಿದ್ದಾರೆ ಅಂದರೆ ಸೆನ್ಸರ್ ಸ್ಕ್ರೂ ಇಲ್ಲದೇ ಕೂರುತ್ತದೆ.

ಸರ್ಕಿಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಟರ್ನೆಟ್‌ನಲ್ಲಿ ಸಿಗುವ ಹೆಚ್ಚಿನ ಚಿತ್ರಗಳಲ್ಲಿ ನಾಲ್ಕೂ ಸೆನ್ಸರ್ ಸೇರಿಸಿ, ಅವುಗಳ ಓದನ್ನು ಅಂಕಿಯಾಗಿಸುವ ಒಂದೇ ಎಚ್‌ಎಕ್ಸ್711 ಚಿಪ್‌ಗೆ ಕೊಟ್ಟಿರುತ್ತಾರೆ. ಅದು ಒಟ್ಟು ತೂಕ ಮಾತ್ರ ಹೇಳುತ್ತದೆ. ಆಟಕ್ಕೆ ಬೇಕಾದದ್ದು ಭಾರ ಯಾವ ಕಡೆಗಿದೆ ಅನ್ನುವುದು. ಅದಕ್ಕೆ ಪ್ರತಿ ಸೆನ್ಸರ್‌ಗೂ ಬೇರೆ ಚಿಪ್ ಬೇಕು. ಮೂರು ವೈರಿನ ಈ ಸೆನ್ಸರ್ ಅರ್ಧ ಬ್ರಿಡ್ಜ್, ಅಂದರೆ ತಡೆ ಅಳೆಯುವ ಸರ್ಕಿಟ್‌ನ ಅರ್ಧ ಮಾತ್ರ. ಉಳಿದರ್ಧವನ್ನು 1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ ತುಂಬಬೇಕು. ಎರಡೂ ಒಂದೇ ಅಳತೆಯವಾಗಿರಲಿ, ಒಳ್ಳೆಯವನ್ನೇ ಹಾಕಿ. ಶಾಖಕ್ಕೆ ಅವು ಬದಲಾದರೆ ತೂಕವೂ ಬದಲಾದ ಹಾಗೆ ಕಾಣುತ್ತದೆ.

ಲೆಕ್ಕ ಸುಲಭ. ಅರವತ್ತು ಕಿಲೋದ ಒಬ್ಬರು ನಿಂತಿದ್ದಾರೆ ಅನ್ನಿ. ಎಡದ ಎರಡು ಮೂಲೆ ಸೇರಿ 33, ಬಲದ ಎರಡು ಸೇರಿ 27. ವ್ಯತ್ಯಾಸ 6. ಅದನ್ನು 60ರಿಂದ ಭಾಗಿಸಿದರೆ ಹತ್ತರಲ್ಲೊಂದು. ನನ್ನ ಹಲಗೆಯಲ್ಲಿ ನಡುವಿನಿಂದ ಸೆನ್ಸರ್‌ಗೆ 22 ಸೆಂಟಿಮೀಟರ್. ಅಂದರೆ ಅವರ ಭಾರ ನಡುವಿನಿಂದ 2.2 ಸೆಂಟಿಮೀಟರ್ ಎಡಕ್ಕಿದೆ. ಮುಂದೆ ಹಿಂದೆಗೂ ಇದೇ ಲೆಕ್ಕ. ವೀ ಹಲಗೆ ಕೂಡ ನಾಲ್ಕು ಸೆನ್ಸರ್ ಇಟ್ಟುಕೊಂಡು ಇದನ್ನೇ ಮಾಡುತ್ತಿತ್ತು. 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದನ್ನು ಪ್ರಯೋಗಾಲಯದ ದುಬಾರಿ ಫೋರ್ಸ್ ಪ್ಲೇಟ್ (ಪಾದದ ಒತ್ತಡ ಅಳೆಯುವ ಫಲಕ) ಜೊತೆ ಹೋಲಿಸಿ, ನಿಂತವರ ಸಮತೋಲ ಅಳೆಯಲು ನಂಬಬಹುದು ಅಂದರು. ಆಟಿಕೆಯೊಂದಕ್ಕೆ ಇದು ದೊಡ್ಡ ಗೌರವ ಅಲ್ವಾ?

ಎಚ್‌ಎಕ್ಸ್711 ಬೋರ್ಡ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಓದುವ ಹಾಗೆ ಬರುತ್ತವೆ. ತೂಕ ನೋಡಲು ಸಾಕು, ಆಟಕ್ಕೆ ಸಾಲದು. ವಾಲಿದ ಮೇಲೆ ಹುಡುಗಿ ವಾಲುವಷ್ಟರಲ್ಲಿ ತಡವಾಗುತ್ತದೆ. ಆಟ ನನ್ನ ಮಾತು ಕೇಳುತ್ತಿಲ್ಲ ಅನ್ನಿಸಿಬಿಡುತ್ತದೆ. ಚಿಪ್‌ನ ರೇಟ್ ಅನ್ನುವ ಪಿನ್ನನ್ನು ಗ್ರೌಂಡ್‌ನಿಂದ ಬಿಡಿಸಿ ಮೇಲಿನ ವೋಲ್ಟೇಜಿಗೆ ಸೇರಿಸಿದರೆ 80 ಸಲ ಓದುತ್ತದೆ. ಓದುವ ಅಂಕಿಯಲ್ಲಿ ಏರುಪೇರು ಸ್ವಲ್ಪ ಜಾಸ್ತಿಯಾಗುತ್ತದೆ. ನಾಲ್ಕು ಓದುಗಳ ಸರಾಸರಿ ತೆಗೆದರೆ ಸರಿ. ಈ ಒಂದು ಬದಲಾವಣೆ ಆದ ಸಂಜೆ ಅಮ್ಮ ಹಲಗೆಯಿಂದ ಇಳಿಯಲೇ ಇಲ್ಲ.

ತೇವದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 18 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈವುಡ್, ಅಂಚಿಗೆಲ್ಲ ವಾರ್ನಿಶ್. ಚಿಪ್‌ಗಳು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಹಲಗೆ ಖಾಲಿ ಇದ್ದಾಗಲೆಲ್ಲ ತಾನೇ ಸೊನ್ನೆಗೆ ಬರುವ ಹಾಗೆ ಕೋಡ್ ಬರೆದಿದ್ದೇನೆ. ನಮ್ಮ ಕೆಂಪು ಗಾರೆ ನೆಲ ಹಳತು, ಮಟ್ಟ ಇಲ್ಲ. ಅದಕ್ಕೆ ಮೂಲೆಗಳಿಗೆ ತಿರುಗಿಸಿ ಎತ್ತರ ಬದಲಿಸುವ ಬೋಲ್ಟಿನ ಕಾಲು, ಕೆಳಗೆ ರಬ್ಬರ್. ಇನ್ನೊಂದು ಎಚ್ಚರಿಕೆ. ನಾಲ್ಕು ಸೇರಿ 200 ಕಿಲೋ ತಡೆದರೂ, ಯಾರಾದರೂ ಒಂದು ಮೂಲೆಯ ಮೇಲೇ ನಿಂತರೆ ಭಾರವೆಲ್ಲ ಒಂದೇ ಸೆನ್ಸರ್ ಮೇಲೆ ಬೀಳುತ್ತದೆ. ಪಾದ ಎಲ್ಲಿಡಬೇಕು ಅಂತ ಬಣ್ಣದಲ್ಲಿ ಗುರುತು ಬರೆದಿದ್ದೇನೆ.

ಆಟ

ಗೊಡೊ ಅನ್ನುವ, ಆಟ ತಯಾರಿಸುವ ಉಚಿತ ಎಂಜಿನ್‌ನಲ್ಲಿ ಮಾಡುತ್ತಿದ್ದೇನೆ. ನಾಲ್ಕನೆಯ ಆವೃತ್ತಿಯಿಂದ ಅದರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಇದರಿಂದ ನನಗಾದ ಖುಷಿ ಅಷ್ಟಿಷ್ಟಲ್ಲ. ಹಲಗೆಯೊಳಗಿನ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್ ತಾನೇ ಒಂದು ವೈಫೈ ಮಾಡಿಕೊಂಡು ಲ್ಯಾಪ್‌ಟಾಪಿಗೆ ಅಂಕಿ ಕಳಿಸುತ್ತದೆ. ಮನೆಯ ರೂಟರ್ ಬೇಡ. ಗಾಳಿ ಮಳೆಗೆ ಕರೆಂಟ್ ಹೋದರೂ ಪವರ್ ಬ್ಯಾಂಕಿನಲ್ಲಿ ಆಟ ನಡೆಯುತ್ತದೆ.

ಹಳ್ಳದ ಮೇಲೆ ಅಡಿಕೆ ಮರದ ಸಂಕ. ಕೆಳಗೆ ಕೆಂಪು ನೀರು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ದಾಟಿಸಿದರೆ ಹುಡುಗಿ ಒಂದು ಹೆಜ್ಜೆ ಇಡುತ್ತಾಳೆ. ಮುಂದೆ ಹಿಂದೆ ಜಾಸ್ತಿ ತೂಗಿದರೆ ನೀರಿಗೆ. ಮುಂದಿನ ಹಂತಕ್ಕೆ ಹೋದಂತೆ ಸಂಕ ಉದ್ದವಾಗುತ್ತದೆ, ನೀರು ಏರುತ್ತದೆ. ಅಲ್ಲಲ್ಲಿ ಬಿದಿರು ಬಾಗಿರುತ್ತದೆ, ಆಗ ಮಂಡಿ ಬಗ್ಗಿಸಿ ತಗ್ಗಬೇಕು. ಹಲಗೆಗೆ ಕಣ್ಣಿಲ್ಲ, ತಗ್ಗಿದ್ದು ಹೇಗೆ ಗೊತ್ತಾಗುತ್ತದೆ? ನಾವು ಸರ್ರನೆ ಕೆಳಗೆ ಬಗ್ಗುವಾಗ ತೂಕ ಒಂದು ಕ್ಷಣ ಕಡಿಮೆ ತೋರುತ್ತದೆ, ನಿಲ್ಲುವಾಗ ಜಾಸ್ತಿ ತೋರುತ್ತದೆ. ಆ ತಗ್ಗು-ಉಬ್ಬನ್ನು ಹುಡುಕುತ್ತೇನೆ. ನಿಧಾನವಾಗಿ ಬಗ್ಗಿದರೆ ಈ ಗುರುತು ಸಿಗುವುದಿಲ್ಲ. ಹಾಗಾಗಿ ಮಂಡಿನೋವು ಇರುವವರಿಗೆ ಬಿದಿರೇ ಬರದ ದಾರಿ ಇಟ್ಟಿದ್ದೇನೆ.

ಪರದೆಯಲ್ಲಿ ತೂಕ ಎಲ್ಲೂ ತೋರಿಸುವುದಿಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ವೀ ಫಿಟ್ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ನೀನು ದಪ್ಪ ಅಂದುಬಿಟ್ಟಿತು. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ನಿಂಟೆಂಡೊ ಕ್ಷಮೆ ಕೇಳಬೇಕಾಯಿತು. ಜಗಲಿಯಲ್ಲಿ ನಾಲ್ಕು ಜನ ಕೂತಿರುವಾಗ ತೂಕ ಹೇಳುವ ಹಲಗೆಯನ್ನು ನಮ್ಮ ಚಿಕ್ಕಮ್ಮ ಹತ್ತುವುದೇ ಇಲ್ಲ. ಹತ್ತದೇ ಇದ್ದರೆ ಆಟ ಎಷ್ಟು ಚೆನ್ನಾಗಿದ್ದು ಏನು?

ಚಿಕ್ಕಮ್ಮ ಮೊದಲು ದೂರ ನಿಂತೇ ಕೇಳಿದರು, "ಎಂತ ಮಾರಾಯ, ಇದ್ರ ಮೇಲೆ ನಿಂತು ಎಂತ ಮಾಡೂದು?"

"ಸಂಕ ದಾಟೂದು ಚಿಕ್ಕಮ್ಮ. ಬನ್ನಿ, ಕಂಬ ಹಿಡ್ಕೊಳ್ಳಿ."

"ಸಂಕ ದಾಟ್ಲಿಕ್ಕೆ ನಂಗೆ ನೀನು ಹೇಳಿಕೊಡ್ಬೇಕಾ?" ಅಂದು ಹತ್ತಿದರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗಲು ದಿನಾ ಕಾಲುಸಂಕ ದಾಟಿದವರು. ಮೂರನೆಯ ಹಂತಕ್ಕೆ ಸಲೀಸಾಗಿ ಹೋದರು. ಶಿವಮೊಗ್ಗದಿಂದ ಬಂದ ಅವರ ಮೊಮ್ಮಗ ಮೊದಲನೆಯದರಲ್ಲೇ ನೀರಿಗೆ ಬೀಳುತ್ತಿದ್ದ. ಅವನಿಗೆ ಅವರೇ ಪಾದ ಹೇಗೆ ಊರಬೇಕು ಅಂತ ಹೇಳಿಕೊಟ್ಟರು. ಆಟ ಬಲ್ಲವರು ಕಿರಿಯರೇ ಆಗಬೇಕಿಲ್ಲ ಅನ್ನುವುದೇ ಈ ಬಗೆಯ ಆಟಗಳ ದೊಡ್ಡ ಆಕರ್ಷಣೆ ಅಂತ ನನಗೆ ಆಗ ಖಚಿತವಾಯಿತು. ಬಟನ್ ನೆನಪಿಡಬೇಕಿಲ್ಲ. ಮೈಗೆ ಗೊತ್ತಿರುವುದೇ ಸಾಕು.

ಮುಂದೆ

ಈಗ ಅಜ್ಜಿಗಾಗಿ ಕೂತು ಆಡುವ ಆಟದ ಕೆಲಸ ನಡೆದಿದೆ. ಅವರನ್ನು ಹಲಗೆಯ ಮೇಲೆ ನಿಲ್ಲಿಸುವ ಧೈರ್ಯ ನನಗಿಲ್ಲ, ನಿಲ್ಲಿಸುವುದೂ ಇಲ್ಲ. ಕುರ್ಚಿಯಲ್ಲಿ ಕೂತು ಪಾದ ಮಾತ್ರ ಹಲಗೆಯ ಮೇಲೆ. ಎಡ, ಬಲ ಅಂತ ಒತ್ತಿದರೆ ಹುಡುಗಿ ನಡೆಯುತ್ತಾಳೆ. ತೊಡಕು ಏನೆಂದರೆ ಕುರ್ಚಿಯ ಎತ್ತರ ಬದಲಾದರೆ ಪಾದದ ಮೇಲೆ ಬೀಳುವ ಭಾರವೂ ಬದಲಾಗುತ್ತದೆ. ಅದಕ್ಕೆ ಶುರುವಿನಲ್ಲಿ ಮೂರು ಸೆಕೆಂಡ್ ಪಾದ ಸುಮ್ಮನೆ ಇಡಿಸಿ, ಆ ಅಂಕಿಯನ್ನೇ ಸೊನ್ನೆ ಅಂತ ಹಿಡಿಯುವ ಹಾಗೆ ಬದಲಿಸುತ್ತಿದ್ದೇನೆ. ಎಷ್ಟು ಒತ್ತಿದರೆ ಹೆಜ್ಜೆ ಅನ್ನುವುದನ್ನು ಅವರವರ ಬಲಕ್ಕೆ ತಕ್ಕಂತೆ ಹೊಂದಿಸುವುದು ಬಾಕಿ. ಅಡಿಕೆ ಕೊಯ್ಲು ಶುರುವಾದರೆ ಜಗಲಿ ತುಂಬ ಸುಲಿಯುವವರು ಕೂರುತ್ತಾರೆ, ಹಲಗೆಗೆ ಜಾಗ ಇರುವುದಿಲ್ಲ. ಅಷ್ಟರೊಳಗೆ ಇದನ್ನು ಮುಗಿಸಿ, ಕೋಡ್ ಮತ್ತು ಗೂಡಿನ ಅಳತೆ ಎರಡನ್ನೂ ಎಲ್ಲರಿಗೂ ಸಿಗುವ ಹಾಗೆ ಹಾಕುತ್ತೇನೆ.