ಮೂರನೇ ಸಲ ಬಡಿದದ್ದು

ವಿಮಾನ ಮೊದಲ ಸಲ ರನ್‌ವೇಗೆ ಬಡಿದು ಮೇಲೆದ್ದಾಗ ನಾವು ಯಾರೂ ಗಾಬರಿಯಾಗಲಿಲ್ಲ. ಕಲಿಯುವವರು ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಇಳಿಸಿದರೆ ಒಂದೆರಡು ಸಲ ಪುಟಿಯೋದು ಇದ್ದದ್ದೇ. ಒಳಗಿದ್ದವನು ನನ್ನ ಬ್ಯಾಚಿನ ಗೆಳೆಯ, ಸೋಲೋ ಹಾರುತ್ತಿದ್ದ. ಗಾಳಿ ಇರಲಿಲ್ಲ, ಬೆಳಕು ಚೆನ್ನಾಗಿತ್ತು, ರನ್‌ವೇ ಬೇಕಾದಷ್ಟು ಉದ್ದವಿತ್ತು. ನೆಪ ಹೇಳೋಕೆ ಏನೂ ಇಲ್ಲದ ದಿನ.

ಅವನು ಬಂದದ್ದೇ ಸ್ವಲ್ಪ ಜೋರಾಗಿ. ರೆಕ್ಕೆಯ ಹಿಂಬದಿಯ ಫ್ಲಾಪ್ ಅನ್ನೋ ಪಟ್ಟಿ ಇಳಿಸಿಕೊಂಡು ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ಬರಬೇಕಾದ ವಿಮಾನ ಅದು. ವೇಗ 10 ನಾಟ್ ಜಾಸ್ತಿಯಾದರೆ ನೆಲದ ಹತ್ತಿರ ಬಂದ ಮೇಲೆ ಇಳಿಯೋಕೇ ಒಪ್ಪುವುದಿಲ್ಲ, ತೇಲುತ್ತಾ ಹೋಗುತ್ತದೆ. ಅದರ ಜೊತೆಗೆ ಪಕ್ಕದ ಸೀಟು ಖಾಲಿ. ಇನ್‌ಸ್ಟ್ರಕ್ಟರ್ ಇಲ್ಲದ ವಿಮಾನ ಹಗುರ, ಇನ್ನೂ ದೂರ ತೇಲುತ್ತದೆ. ಆಗ ಮೂತಿಯನ್ನು ನಿಧಾನವಾಗಿ ಎತ್ತುತ್ತಾ, ವೇಗ ತಾನಾಗಿ ಇಳಿಯಲಿ ಅಂತ ಸುಮ್ನೆ ಕಾಯಬೇಕು. ಕಣ್ಣೆದುರೇ ರನ್‌ವೇ ಹಿಂದೆ ಓಡುತ್ತಿರುವಾಗ ಕಾಯೋದು ಸುಲಭ ಅಲ್ಲ. ಅವನು ಯೋಕ್, ಅಂದರೆ ಮೂತಿ ಏರಿಸಿ ಇಳಿಸುವ ಹಿಡಿಕೆ, ಮುಂದಕ್ಕೆ ಒತ್ತಿದ. ಮುಂದಿನ ಚಕ್ರ ಮೊದಲು ತಾಗಿತು.

ಅಷ್ಟಕ್ಕೆ ಏನೂ ಮುರಿದಿರಲಿಲ್ಲ. ಕೆಟ್ಟದ್ದು ಆಮೇಲೆ. ಮುಂದಿನ ಚಕ್ರ ಬಡಿದರೆ ಮೂತಿ ಮೇಲೆ ಚಿಮ್ಮುತ್ತದೆ, ರೆಕ್ಕೆ ಮತ್ತೆ ವಿಮಾನವನ್ನು ಎತ್ತುತ್ತದೆ. ಒಳಗಿದ್ದವನಿಗೆ ಎದುರಿಗೆ ಬರೀ ಆಕಾಶ. ಕೈ ತಾನಾಗಿಯೇ ಯೋಕ್ ಒತ್ತುತ್ತದೆ. ಆದರೆ ಒತ್ತಿದ್ದು ಕೆಲಸ ಮಾಡುವಷ್ಟರಲ್ಲಿ ವಿಮಾನ ಆಗಲೇ ಕೆಳಗೆ ಬರುತ್ತಿರುತ್ತದೆ. ಎರಡೂ ಸೇರಿ ಮುಂದಿನ ಚಕ್ರ ಮೊದಲಿಗಿಂತ ಜೋರಾಗಿ ಬಡಿಯುತ್ತದೆ, ಮೂತಿ ಮೊದಲಿಗಿಂತ ಎತ್ತರಕ್ಕೆ ಏಳುತ್ತದೆ. ಪೋರ್ಪಸಿಂಗ್ ಅಂತ ನಮಗೆ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸಿದ್ದರು. ಬೋರ್ಡ್ ಮೇಲೆ ಅದಕ್ಕೆ ಸದ್ದಿರಲಿಲ್ಲ.

ಎರಡನೇ ಸಲ ಬಡಿದಾಗ ನನ್ನ ಪಕ್ಕ ನಿಂತಿದ್ದ ಇನ್‌ಸ್ಟ್ರಕ್ಟರ್ “ಪವರ್ ಕೊಡೋ, ಪವರ್!” ಅಂತ ಕಿರುಚಿದರು, ಇಳಿಸೋದು ಬಿಟ್ಟು ಮತ್ತೆ ಮೇಲೇರಲಿ ಅಂತ. ರೇಡಿಯೋ ಅವರ ಕೈಯಲ್ಲೇ ಇತ್ತು. ಬಟನ್ ಒತ್ತುವ ಹೊತ್ತಿಗೆ ಮೂರನೇ ಸಲವೂ ಆಗಿಹೋಗಿತ್ತು. ಮುಂದಿನ ಚಕ್ರದ ಕಾಲು ಮಡಚಿತು, ಪ್ರೊಪೆಲರ್ ರನ್‌ವೇಗೆ ಬಡಿಯಿತು, ವಿಮಾನ ಮೂತಿ ಊರಿಕೊಂಡೇ ಜಾರಿ ಓರೆಯಾಗಿ ನಿಂತಿತು. ಗೆಳೆಯ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ, ತಾನೇ ಬಾಗಿಲು ತೆಗೆದು ಇಳಿದ. ಮೈಮೇಲೆ ಒಂದು ಗೀರೂ ಇರಲಿಲ್ಲ.

ಸಂಜೆ ಹ್ಯಾಂಗರ್‌ಗೆ ಹೋಗಿ ನೋಡಿದೆ. ಪ್ರೊಪೆಲರ್‌ನ ತುದಿಗಳು ಹಿಂದಕ್ಕೆ ಬಾಗಿದ್ದವು. “ನೋಡಿ, ಥ್ರಾಟಲ್ ಮುಟ್ಟೇ ಇಲ್ಲ,” ಅಂದರು ಮೆಕ್ಯಾನಿಕ್. ಥ್ರಾಟಲ್ ಅಂದರೆ ಎಂಜಿನ್‌ಗೆ ಪವರ್ ಕೊಡುವ ಹಿಡಿ. ಎಂಜಿನ್ ಜೋರಾಗಿ ತಿರುಗುತ್ತಿದ್ದರೆ ತುದಿ ಸಾಮಾನ್ಯವಾಗಿ ಮುಂದಕ್ಕೆ ಬಾಗುತ್ತದಂತೆ. ಎಂಜಿನ್‌ನ ಹಿಂದಿರುವ ಫೈರ್‌ವಾಲ್ ಅನ್ನೋ ತಗಡು ಸುಕ್ಕುಗಟ್ಟಿತ್ತು. ಮುಂದಿನ ಚಕ್ರದ ಪೆಟ್ಟೆಲ್ಲ ಹೋಗಿ ಸೇರೋದು ಅಲ್ಲಿಗೇ. ಪ್ರೊಪೆಲರ್ ನೆಲಕ್ಕೆ ತಗುಲಿದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಒಳಗಿನ ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸಬೇಕು. ಹೊರಗಿನಿಂದ ನೋಡಿ ಸರಿ ಇದೆ ಅನ್ನೋ ಹಾಗಿಲ್ಲ.

ಗೆಳೆಯನನ್ನು ದೂರುವವರು ಇದ್ದರು. ನನಗೆ ಹಾಗನ್ನಿಸಲಿಲ್ಲ. ಹಾರಾಟದ ಲೆಕ್ಕ ಬರೆಯುವ ಲಾಗ್‌ಬುಕ್‌ನಲ್ಲಿ ಲ್ಯಾಂಡಿಂಗ್‌ಗೆ ಕಾಲಂ ಇದೆ, ಇಳಿಸೋದು ಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್‌ಗೆ ಇಲ್ಲ. ಎಣಿಸದೇ ಇರುವುದನ್ನು ಯಾರು ಅಷ್ಟು ಅಭ್ಯಾಸ ಮಾಡಿಸುತ್ತಾರೆ? ಮತ್ತೆ, ಗೋ-ಅರೌಂಡ್ ಅಂದರೆ ಥ್ರಾಟಲ್ ಒತ್ತಿಬಿಡೋದಷ್ಟೇ ಅಲ್ಲ. ಪೂರ್ತಿ ಪವರ್ ಕೊಟ್ಟ ತಕ್ಷಣ ಮೂತಿ ಮೇಲಕ್ಕೂ ಎಡಕ್ಕೂ ಎಳೆಯುತ್ತದೆ. ಅದನ್ನು ನೇರ ಇಡೋಕೆ ಬಲಗಾಲಿನಿಂದ ರಡ್ಡರ್ ಪೆಡಲ್ ಒತ್ತಬೇಕು, ಮೂತಿ ಜಾಸ್ತಿ ಏಳದ ಹಾಗೆ ಹಿಡಿಯಬೇಕು, ಫ್ಲಾಪ್ ಹಂತ ಹಂತವಾಗಿ ತೆಗೆಯಬೇಕು. ಗಾಬರಿಯಲ್ಲಿರುವ ಹುಡುಗನಿಗೆ ಇದೆಲ್ಲ ಆ ಕ್ಷಣಕ್ಕೆ ಹೊಳೆಯೋದು ಕಷ್ಟ. ಕೈಗೆ ಮೊದಲೇ ರೂಢಿಯಾಗಿರಬೇಕು ಅಲ್ವಾ?

ಆಮೇಲೆ ನಮ್ಮ ಇನ್‌ಸ್ಟ್ರಕ್ಟರ್ ನಾನು ಚೆನ್ನಾಗಿ ಇಳಿಸುತ್ತಿದ್ದಾಗಲೂ ಕೊನೇ ಗಳಿಗೆಯಲ್ಲಿ “ಹೋಗು!” ಅನ್ನೋಕೆ ಶುರುಮಾಡಿದರು. ಒಳ್ಳೇ ಲ್ಯಾಂಡಿಂಗ್ ಹಾಳಾಯಿತಲ್ಲ ಅಂತ ಬೇಜಾರೂ ಆಗುತ್ತಿತ್ತು.

ಗೆಳೆಯ ಸ್ವಲ್ಪ ದಿನ ಏರ್‌ಫೀಲ್ಡ್ ಕಡೆ ಬರಲಿಲ್ಲ. ಬಂದ ದಿನ ನೇರವಾಗಿ ಅವರ ಹತ್ತಿರ ಹೋಗಿ, “ಸರ್, ಇವತ್ತು ಇಳಿಸೋದು ಬೇಡ, ಬರೀ ಗೋ-ಅರೌಂಡ್ ಮಾಡಿಸಿ,” ಅಂದ.

“ಕೊನೆಗೊಂದು ಸಲ ಇಳಿಸಲೇಬೇಕಲ್ಲಯ್ಯಾ, ಬಾ,” ಅಂದರು ಸರ್.