ನಿಮ್ಮ ನಂತರ ಪ್ರೆಸ್ ನಡೆಸುವವರನ್ನು ಹೇಗೆ ತಯಾರು ಮಾಡುತ್ತೀರಿ?

ಮಂಗಳೂರಿನಲ್ಲಿ ಒಂದು ಆಫ್‌ಸೆಟ್ ಪ್ರೆಸ್ ನಡೆಸುವ ನನ್ನನ್ನು ನಮ್ಮ ಚರ್ಚ್ ಸಭೆಯ ಯುವಕರೂ ವ್ಯಾಪಾರದ ಸ್ನೇಹಿತರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಕ್ರೈಸ್ತ ಮಾಲೀಕರಾಗಿ ನೀವು ನಾಳೆ ಜವಾಬ್ದಾರಿ ಹೊರಬೇಕಾದವರನ್ನು ಹೇಗೆ ಬೆಳೆಸುತ್ತೀರಿ? ಕೆಲವರು ಕೇಳುವಾಗ ಅದರೊಳಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಮುಂದೆ ತರುವುದು ನಮ್ಮವರನ್ನೇ ತಾನೆ? ಎರಡನೆಯದಕ್ಕೆ ಉತ್ತರ ಸುಲಭ, ಅಲ್ಲ. ಮೊದಲನೆಯದಕ್ಕೆ ಸ್ವಲ್ಪ ವಿವರ ಬೇಕು.

ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿರುವುದನ್ನು ನೋಡಿದ ಮಾವ ಇತ್ರೋ, ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎನ್ನುತ್ತಾನೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರಂತೆ ಮುಖ್ಯಸ್ಥರನ್ನು ನೇಮಿಸಲು ಹೇಳುತ್ತಾನೆ. ಅವರು ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚವನ್ನು ಹಗೆಮಾಡುವವರೂ ಆಗಿರಬೇಕೆಂಬ ಮಾತನ್ನು ಚರ್ಚಿನ ಪ್ರಸಂಗಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಸಣ್ಣ ವಿಷಯಗಳನ್ನು ಅವರೇ ತೀರ್ಮಾನಿಸಲಿ, ದೊಡ್ಡವು ಮಾತ್ರ ನಿನ್ನ ಬಳಿಗೆ ಬರಲಿ ಎಂಬ ಅದರ ಮುಂದಿನ ಮಾತಿನ ಮೇಲೆ ಅಷ್ಟು ಪ್ರಸಂಗ ಕೇಳಿದ ನೆನಪು ನನಗಿಲ್ಲ. ಗುಣ ನೋಡಿ ಆರಿಸುವುದು ಮಾಲೀಕನಿಗೆ ಇಷ್ಟದ ಕೆಲಸ. ತೀರ್ಮಾನವನ್ನು ಬಿಟ್ಟುಕೊಡುವುದು ಅಷ್ಟು ಇಷ್ಟದ್ದಲ್ಲ. ಇನ್ನೊಂದು ಮಾತು: ಈ ಸಲಹೆ ಕೊಟ್ಟ ಇತ್ರೋ ಮಿದ್ಯಾನಿನ ಯಾಜಕ, ಇಸ್ರಾಯೇಲ್ಯನಲ್ಲ. ಹೊರಗಿನವನೆಂದು ಮೋಶೆ ಅದನ್ನು ತಳ್ಳಿಹಾಕಲಿಲ್ಲ.

ನಮ್ಮಲ್ಲಿ ಇದು ಕೊಟೇಶನ್‌ನಿಂದ, ಅಂದರೆ ಗಿರಾಕಿಗೆ ಬರೆದುಕೊಡುವ ದರದ ಪಟ್ಟಿಯಿಂದ ಆರಂಭವಾಗುತ್ತದೆ. ಕಾಗದ ಎಷ್ಟು ರೀಮ್, ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಹಾಳಾಗುವ ಹಾಳೆಗಳು, ಬೈಂಡಿಂಗ್, ಸಾಗಣೆ, ಕೊನೆಗೆ ಲಾಭ, ಇವೆಲ್ಲ ಸೇರಿದ ಆ ಒಂದು ಪುಟದಲ್ಲಿ ಇಡೀ ವ್ಯಾಪಾರವೇ ಇರುತ್ತದೆ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸಕ್ಕೆ ಸೇರಿ ಈಗ ಮೇಲ್ವಿಚಾರಕಿಯಾಗಿರುವ ಹೆಣ್ಣುಮಗಳಿಗೆ ಮೊದಲು ಹತ್ತು ಸಾವಿರ ರೂಪಾಯಿಯೊಳಗಿನ ಕೆಲಸಗಳ ದರವನ್ನು ತಾನೇ ಹೇಳಿ ತಾನೇ ಸಹಿ ಹಾಕುವ ಅಧಿಕಾರ ಕೊಟ್ಟೆ. ಕಳುಹಿಸುವ ಮೊದಲು ನಾನು ಅದನ್ನು ನೋಡುವುದಿಲ್ಲ. ಶನಿವಾರ ಸಂಜೆ ಇಬ್ಬರೂ ಕುಳಿತು ವಾರದ ಕೊಟೇಶನ್‌ಗಳನ್ನು ಓದುತ್ತೇವೆ. ಮೊದಲೇ ನೋಡಿಬಿಟ್ಟರೆ ಸಹಿ ಮಾತ್ರ ಅವರದು, ತೀರ್ಮಾನ ನನ್ನದೇ ಆಗುತ್ತದೆ. ಆಮೇಲೆ ಕಾಗದದ ಖರೀದಿ, ಯಂತ್ರದ ಸರದಿ, ರಜೆ ಕೊಡುವುದು, ಹೀಗೆ ಒಂದೊಂದಾಗಿ ಹೋಯಿತು.

ಒಮ್ಮೆ ಒಂದು ಸಂಸ್ಥೆಯ ಖರೀದಿ ನೋಡುವವರು, ಬಿಲ್ಲನ್ನು ಹೆಚ್ಚಿಗೆ ಬರೆದು ಮೇಲಿನ ಹಣವನ್ನು ತಮಗೆ ಕೊಡಬೇಕೆಂದು ಮೇಲ್ವಿಚಾರಕಿಯಲ್ಲಿ ಕೇಳಿದರು. ನಮ್ಮ ಕಸುಬಿನಲ್ಲಿ ಇದು ಹೊಸತಲ್ಲ. "ಇಲ್ಲ ಅಂತ ಹೇಳುವುದು ನನಗೆ ಗೊತ್ತುಂಟು ಸರ್, ಆದರೆ ಆ ತಿಂಗಳು ಯಂತ್ರ ಖಾಲಿ ನಿಂತರೆ ನೀವು ನನ್ನನ್ನು ಕೇಳುತ್ತೀರಾ?" ಎಂದು ಅವರು ನನ್ನಲ್ಲಿ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಪ್ರಾಮಾಣಿಕತೆಯ ಬಗ್ಗೆ ಗೋಡೆಗೆ ವಾಕ್ಯ ತೂಗುಹಾಕಿ, ತಿಂಗಳ ಕೊನೆಗೆ ವಹಿವಾಟು ಇಳಿದದ್ದಕ್ಕೆ ಮುಖ ಗಂಟಿಕ್ಕುವ ಮಾಲೀಕ ಯಾವುದನ್ನು ಕಲಿಸುತ್ತಾನೆಂಬುದು ಕೆಲಸಗಾರರಿಗೆ ಚೆನ್ನಾಗಿ ತಿಳಿಯುತ್ತದೆ. ಆ ನಷ್ಟ ನನ್ನ ಲೆಕ್ಕಕ್ಕೆ, ಅವರ ಲೆಕ್ಕಕ್ಕಲ್ಲ ಎಂದು ಹೇಳಿದೆ, ವರ್ಷದ ಬೋನಸ್ಸಿನಲ್ಲಿ ಹಾಗೆಯೇ ನಡೆದುಕೊಂಡೆ. ಆ ಆರ್ಡರ್ ಹೋಯಿತು, ತಿರುಗಿ ಬರಲೂ ಇಲ್ಲ.

ಪ್ರಾರ್ಥನೆಯ ವಿಷಯವನ್ನೂ ಕೇಳುತ್ತಾರೆ. ಕೆಲಸದ ಹೊತ್ತಿನಲ್ಲಿ ನಾನು ಯಾರನ್ನೂ ಪ್ರಾರ್ಥನೆಗೆ ಕರೆಯುವುದಿಲ್ಲ, ಏಕೆಂದರೆ ಸಂಬಳ ಕೊಡುವವನು ಕರೆದಾಗ ಬರುವುದಿಲ್ಲ ಎನ್ನುವುದು ಯಾರಿಗೂ ಸುಲಭವಲ್ಲ. ಇದಕ್ಕಿಂತ ಕಠಿಣವಾದದ್ದು ಆಯುಧಪೂಜೆ. ಮುದ್ರಣಾಲಯದಲ್ಲಿ ಯಂತ್ರವನ್ನು ತೊಳೆದು, ಒರೆಸಿ, ಹೂ ಮುಡಿಸದ ಆಯುಧಪೂಜೆಯನ್ನು ನಮ್ಮ ಊರಿನ ಕೆಲಸಗಾರರು ಊಹಿಸಲಾರರು. ನಾನು ಪೂಜೆ ಮಾಡುವುದಿಲ್ಲ, ತಡೆಯುವುದೂ ಇಲ್ಲ. ಆ ದಿನದ ಏರ್ಪಾಡು ಪೂರ್ತಿಯಾಗಿ ಮೇಲ್ವಿಚಾರಕಿಯದು, ಸಿಹಿಯ ಖರ್ಚು ಪ್ರೆಸ್ಸಿನದು. ಮುಸ್ಲಿಂ ಬೈಂಡರ್ ಒಬ್ಬರಿದ್ದಾರೆ. ಅವರೂ ನಾನೂ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತು, ಎಲ್ಲರ ಜೊತೆ ಸಿಹಿ ತಿಂದು ಹೋಗುತ್ತೇವೆ. ಸಭೆಯ ಕೆಲವು ಹಿರಿಯರಿಗೆ ಇದು ಹಿಡಿಸಿಲ್ಲ. ಅವರ ಆಕ್ಷೇಪ ನನಗೆ ಅರ್ಥವಾಗುತ್ತದೆ, ಆದರೆ ಅವರಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿಲ್ಲ. ಆ ದಿನವನ್ನು ಗಲಾಟೆಯಿಲ್ಲದೆ, ಯಾರ ಮನಸ್ಸೂ ನೋಯದಂತೆ ನಡೆಸಿಕೊಡಬಲ್ಲವರು ಪ್ರೆಸ್ಸನ್ನೂ ನಡೆಸಬಲ್ಲರು ಎಂದು ಮಾತ್ರ ನನಗೆ ಅನ್ನಿಸಿದೆ.

ಈ ಊರಿನಲ್ಲಿ ಕ್ರೈಸ್ತ ಉದ್ಯಮದ ಮಾತು ಬಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ ಬಂದೇ ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1841ರಲ್ಲಿ ಪ್ರೆಸ್ ತೆರೆಯಿತು; 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಹಂಚಿನ ಕಾರ್ಖಾನೆ ಕಟ್ಟಿದರು. ಮತಾಂತರವಾಗಿ ಜೀವನೋಪಾಯ ಕಳೆದುಕೊಂಡವರಿಗೆ ಕೆಲಸ ಕೊಡುವುದು ಆ ಉದ್ಯಮಗಳ ಒಂದು ಉದ್ದೇಶವಾಗಿತ್ತು, ಅದರಲ್ಲಿ ಅವು ಗೆದ್ದವು. ಆದರೆ ಆಡಳಿತದ ಮೇಲಿನ ಹುದ್ದೆಗಳು ಬಹುಮಟ್ಟಿಗೆ ಯುರೋಪಿನವರ ಕೈಯಲ್ಲೇ ಉಳಿದಿದ್ದವು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನಲ್ಲಿದ್ದ ಜರ್ಮನ್ನರನ್ನು ಬ್ರಿಟಿಷರು ಹೊರಹಾಕಿದ ಮೇಲೆ ಹಂಚಿನ ಕಾರ್ಖಾನೆಯಂಥ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಅಷ್ಟು ದಶಕ ದುಡಿದ ಊರಿನ ಕೈಗಳಿಗೆ ಅವು ಬರಲಿಲ್ಲ. ಅದಕ್ಕೆ ಕಾರಣ ಯುದ್ಧವೊಂದೇ ಎಂದು ನಾನು ನಂಬುವುದಿಲ್ಲ. ಅದೇ ಹೊತ್ತಿಗೆ ಆ ಕಾರ್ಖಾನೆಯನ್ನು ಕಂಡ ಊರಿನವರು ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ತಮ್ಮದೇ ಹಂಚಿನ ಕಾರ್ಖಾನೆಗಳನ್ನು ಹಾಕಿದ್ದರು. ಮಂಗಳೂರು ಹಂಚಿನ ಹೆಸರನ್ನು ದೂರದೂರಕ್ಕೆ ಒಯ್ದವರಲ್ಲಿ ಅವರೂ ಇದ್ದಾರೆ.

ಹಾಗಾದರೆ ಬೆಳೆಸಿದವರು ಬಿಟ್ಟುಹೋಗಿ ಎದುರಿಗೇ ಅಂಗಡಿ ಹಾಕಿದರೆ? ಹಾಕುತ್ತಾರೆ. ನಮ್ಮಲ್ಲಿ ಯಂತ್ರ ಕಲಿತ ಹುಡುಗನೊಬ್ಬ ಈಗ ಕಂಕನಾಡಿಯ ಕಡೆ ಸ್ವಂತ ಪ್ರೆಸ್ ಇಟ್ಟಿದ್ದಾನೆ, ನನ್ನ ಕೆಲವು ಗಿರಾಕಿಗಳು ಅವನಲ್ಲಿಗೆ ಹೋಗಿದ್ದಾರೆ. ಮದುವೆಯ ಸೀಸನ್ನಿನಲ್ಲಿ ನಮ್ಮ ಯಂತ್ರ ಕೈಕೊಟ್ಟರೆ ಪ್ಲೇಟ್‌ಗಳನ್ನು ರಿಕ್ಷಾದಲ್ಲಿ ಹಾಕಿ ಅವನಲ್ಲಿಗೇ ಕಳುಹಿಸುತ್ತೇವೆ. ರಾತ್ರಿ ಕುಳಿತಾದರೂ ಮಾಡಿಕೊಡುತ್ತಾನೆ. ದರದಲ್ಲಿ ಮಾತ್ರ ನನಗೆಂದು ಒಂದು ರೂಪಾಯಿಯನ್ನೂ ಬಿಡುವುದಿಲ್ಲ.