ಕಟ್ ಮಾಡೋದು ಗ್ಯಾಸ್ ಅಲ್ಲ

"ಕಟ್ ಮಾಡೋದು ಗ್ಯಾಸ್ ಅಲ್ಲ ಸಾರ್, ಆಕ್ಸಿಜನ್." ಚಿಕ್ಕಮಗಳೂರಿನ ವರ್ಕ್‌ಶಾಪಿನಲ್ಲಿ ಮೊನ್ನೆ ವೆಲ್ಡಿಂಗ್ ಮೇಸ್ತ್ರಿ ನಮ್ಮ ಭಾವನಿಗೆ ಹೇಳಿದ ಈ ಮಾತು ಇನ್ನೂ ಕಿವಿಯಲ್ಲಿದೆ.

ಕಾಫಿ ಕೊಯ್ಲು ಹತ್ತಿರ ಬಂತು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ರಿಪೇರಿಗೆ ಹೋಗಿದ್ದೆವು. ಹಳೇ ಉಕ್ಕಿನ ಚಾನಲ್ ಪಟ್ಟಿ ಕತ್ತರಿಸಬೇಕಿತ್ತು. ಯಂತ್ರದ ಬೀಡಿನ (ಎರಕದ ಕಬ್ಬಿಣದ) ಕಾಲು ಬಿರುಕು ಬಿಟ್ಟಿತ್ತು. ಮೋಟಾರ್ ಸ್ಟ್ಯಾಂಡಿನ ತೆಳು ಪೈಪ್ ಮುರಿದಿತ್ತು. "ಡಿಎ ಗ್ಯಾಸ್ (ಅಸಿಟಿಲೀನ್) ದುಬಾರಿ, ಎಲ್ಲಾ ಎಲ್‌ಪಿಜಿಯಲ್ಲೇ ಮುಗಿಸಿ" ಅಂತ ಭಾವ ಹಟ ಹಿಡಿದರು. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸದ ಮನುಷ್ಯ, ಕೂಲಿ ಕೊಡುವಾಗ ಮಾತ್ರ ಬೇರೆಯೇ ಆಗಿಬಿಡುತ್ತಾರೆ.

ಮೇಸ್ತ್ರಿ ಸಿಟ್ಟಾಗಲಿಲ್ಲ. ಚಾನಲ್‌ಗೆ ಎಲ್‌ಪಿಜಿಯೇ ಸಾಕು ಅಂದರು. ಬೆಂಕಿ ಉಕ್ಕನ್ನು ಕಾಯಿಸುತ್ತೆ ಅಷ್ಟೇ. ಕೆಂಪಗೆ ಕಾದ ಜಾಗಕ್ಕೆ ಆಕ್ಸಿಜನ್ ಬಿಟ್ಟರೆ ಉಕ್ಕೇ ಉರಿದು ಕಿಟ್ಟವಾಗಿ ಹಾರಿಹೋಗುತ್ತೆ. ಎಲ್‌ಪಿಜಿ ಆಕ್ಸಿಜನ್ ಜಾಸ್ತಿ ಕುಡಿಯುತ್ತೆ ನಿಜ, ಒಂದು ಪಾಲಿಗೆ ಸುಮಾರು 4 ಪಾಲು. ಅಸಿಟಿಲೀನ್‌ಗೆ ಹೆಚ್ಚುಕಮ್ಮಿ ಸಮಪಾಲು ಸಾಕು.

ಬೀಡಿನ ಕಾಲಿಗೂ ಎಲ್‌ಪಿಜಿಯೇ. ಬಿರುಕನ್ನು ಉಜ್ಜಿ, ಸುತ್ತ ನಿಧಾನವಾಗಿ ಕಾಯಿಸಿದರು. ಪಿತ್ತಳೆ ರಾಡಿನ ಬಿಸಿ ತುದಿಯನ್ನು ಬಿಳಿಗಾರಕ್ಕೆ ಅದ್ದಿ ಮುಟ್ಟಿಸಿದರು. ಬಿಳಿಗಾರ ಮೊದಲು ಉಬ್ಬಿ ನೊರೆಯಾಯಿತು, ಆಮೇಲೆ ಗಾಜಿನಂತೆ ತಿಳಿಯಾಯಿತು. ಅದರ ಹಿಂದೆಯೇ ಪಿತ್ತಳೆ ಬಿರುಕಿನೊಳಗೆ ಹರಿಯಿತು. ಬೀಡು ಕರಗಲೇ ಇಲ್ಲ! ಬೇಗ ಆರಿದರೆ ಮತ್ತೆ ಬಿರಿಯುತ್ತೆ ಅಂತ ಬೂದಿಯಲ್ಲಿ ಹೂತಿಟ್ಟರು.

ಪೈಪಿಗೆ ಮಾತ್ರ ಸುತಾರಾಂ ಒಪ್ಪಲಿಲ್ಲ. ಅಲ್ಲಿ ಉಕ್ಕೇ ಕರಗಿ ಕೂಡಬೇಕು. ಅಸಿಟಿಲೀನ್ ಬೆಂಕಿ ಸುಮಾರು 3100 ಡಿಗ್ರಿ, ಜೊತೆಗೆ ಅದರ ಬಿಳಿ ಮೊನೆಯ ಮುಂದೆ ಕರಗಿದ ಉಕ್ಕಿಗೆ ಗಾಳಿ ಸೋಕದಂತೆ ಕಾಪು ಇರುತ್ತೆ. ಎಲ್‌ಪಿಜಿ 2800ರ ಹತ್ತಿರ ಹೋದರೂ ಆ ಕಾಪು ಇಲ್ಲ, ಬೆಸುಗೆ ಪೊಳ್ಳಾಗುತ್ತೆ. "ಸ್ಟ್ಯಾಂಡ್ ಮುರಿದ್ರೆ ಮೋಟಾರ್ ಬೀಳೋದು ನಿಮ್ಮ ಆಳಿನ ಕಾಲ ಮೇಲೆ ಸಾರ್" ಅಂದರು.

ಮೇಸ್ತ್ರಿಗೆ ದುಡ್ಡೇ ಮುಖ್ಯವಾಗಿದ್ದರೆ ಮೂರೂ ಕೆಲಸಕ್ಕೆ ಡಿಎ ಲೆಕ್ಕ ಹಾಕಬಹುದಿತ್ತು, ನಮಗೆ ಗೊತ್ತೂ ಆಗುತ್ತಿರಲಿಲ್ಲ. ಶೋರೂಮಿನಲ್ಲಿ ಬರೆದಷ್ಟು ಕೊಟ್ಟು ಬರುವ ನಾವು, ಇಂಥವರ ಹತ್ತಿರವೇ ಚೌಕಾಸಿ ಮಾಡುತ್ತೇವೆ, ಅಲ್ವಾ? ತೋಟದಲ್ಲೂ ಅದೇ. ಮರಗಸಿ ಮಾಡುವವನು, ಅಂದರೆ ನೆರಳಿನ ಮರದ ಕೊಂಬೆ ಸವರುವವನು, "ಈ ಕೊಂಬೆ ಇರಲಿ, ಇಲ್ಲಿ ಬಿಸಿಲು ಜಾಸ್ತಿ" ಅಂದರೆ ಎಷ್ಟು ಜನ ಕಿವಿಗೆ ಹಾಕಿಕೊಳ್ಳುತ್ತೇವೆ? ಕೈಗೆ ಕೂಲಿ ಕೊಡುತ್ತೇವೆ, ಆ ಕೈಯ ಹಿಂದಿರುವ ಬುದ್ಧಿಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ಭಾವ ಕೊನೆಗೆ ಹೇಳಿದಷ್ಟೂ ಕೊಟ್ಟರು. ಜೊತೆಗೆ "ನೀವು ಹೇಳಿದ್ದೇ ಸರಿ ಮೇಸ್ತ್ರಿ" ಅಂತ ಒಂದು ಮಾತು ಹೇಳಬೇಕಿತ್ತು. ಅದನ್ನು ಭಾವನಿಗೆ ಮನೆಗೆ ಬರುವ ದಾರಿಯಲ್ಲೇ ಹೇಳಿದೆ.